ಅಡಿಗೆಮನೆ ಕಪಾಟಿನ ಬಾಗಿಲು ಕೂರುತ್ತಿಲ್ಲವೇ? ಮೊದಲು ತಿಂಗಳು ನೋಡಿ

ಕಪಾಟಿನ ಬಾಗಿಲು ಹಿಡಿಯುತ್ತದೆ, ಜೋತು ಬಿದ್ದಿದೆ, ಅರ್ಧಕ್ಕೇ ನಿಲ್ಲುತ್ತದೆ. ಹೀಗಾದಾಗ ಎಲ್ಲರ ಕೈಯೂ ಮೊದಲು ಹೋಗುವುದು ಸ್ಕ್ರೂಡ್ರೈವರಿಗೆ. ಹಿಂಜ್ ಹಾಳಾಗಿದೆ ಅಂತ ಹೊಸದು ತಂದು ಹಾಕುತ್ತೇವೆ. ಸ್ವಲ್ಪ ದಿನ ಸರಿ ಇರುತ್ತದೆ, ಮತ್ತೆ ಅದೇ ಕಥೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಇಲ್ಲಿ ಹಿಂಜ್ ತಾನಾಗಿ ಕೆಡುವುದು ಕಡಿಮೆ, ನೀರು ಅದನ್ನು ಕೆಡಿಸುತ್ತದೆ. ಆ ನೀರು ಎಲ್ಲಿಂದ ಬಂತು ಅಂತ ತಿಳಿಯದೆ ಮಾಡಿದ ರಿಪೇರಿ ನಿಲ್ಲುವುದಿಲ್ಲ.

ಹಾಗಾಗಿ ಯಾರಾದರೂ ಕಪಾಟು ನೋಡಲು ಕರೆದರೆ ನಾನು ಮೊದಲು ಕೇಳುವುದು ಇಷ್ಟೇ: ತೊಂದರೆ ಶುರುವಾಗಿದ್ದು ಯಾವ ತಿಂಗಳು?

ಜೂನ್‌ನಲ್ಲಿ ಬಂದು ಜನವರಿ ಹೊತ್ತಿಗೆ ತಾನಾಗಿ ಹೋದರೆ ಮರ ಹಿಗ್ಗಿದೆ ಅಂತ ಅರ್ಥ. ಜೂನ್‌ನಲ್ಲಿ ಬಂದು ಬೇಸಿಗೆಯಲ್ಲೂ ಹೋಗದಿದ್ದರೆ ಪ್ಲೈವುಡ್ ಅಥವಾ ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬಿದೆ. ಮಳೆ, ಬಿಸಿಲು ಎನ್ನದೆ ವರ್ಷವಿಡೀ ನಿಧಾನಕ್ಕೆ ಜಾಸ್ತಿಯಾಗುತ್ತಾ ಹೋದರೆ ತುಕ್ಕು, ಇಲ್ಲವೇ ಸ್ಕ್ರೂ ಹಿಡಿಯಲು ಗೋಡೆಯೊಳಗೆ ತುರುಕಿದ ಪ್ಲಗ್ ಸಡಿಲ. ನಿನ್ನೆವರೆಗೆ ಚೆನ್ನಾಗಿದ್ದ ಬಾಗಿಲು ಇವತ್ತು ಒಮ್ಮೆಲೇ ಜೋತರೆ ಸ್ಕ್ರೂ ಕಿತ್ತುಬಂದಿದೆ. ಈ ನಾಲ್ಕರಲ್ಲಿ ನಿಮ್ಮದು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಸ್ಕ್ರೂ ಬಿಚ್ಚಿ ನೋಡಿ

ಏನನ್ನಾದರೂ ತಿರುಗಿಸುವ ಮುಂಚೆ ಕಪಾಟು ಖಾಲಿ ಮಾಡಿ. ಡಬ್ಬಿ, ಭರಣಿ ಎಲ್ಲ ಹೊರಗಿಟ್ಟು ಬಾಗಿಲು ಹಾಕಿ ನೋಡಿ. ಖಾಲಿಯಾದ ಕೂಡಲೇ ಸರಿಯಾಗಿ ಕೂತರೆ ಬಾಗಿಲಿನ ತಪ್ಪಿಲ್ಲ, ಭಾರಕ್ಕೆ ಪೆಟ್ಟಿಗೆಯೇ ಬಾಗುತ್ತಿದೆ. ಆಮೇಲೆ ಟೇಪ್ ಹಿಡಿದು ಪೆಟ್ಟಿಗೆಯ ಬಾಯನ್ನು ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ, ಎರಡೂ ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಬರಬೇಕು. 2 ಮಿ.ಮೀ. ಹೆಚ್ಚುಕಡಿಮೆ ಇದ್ದರೆ ಹಿಂಜ್ ತಿರುಗಿಸಿ ಸುಧಾರಿಸಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಪೆಟ್ಟಿಗೆ ಓರೆಯಾಗಿದೆ. ಅಡಿಯ ಕಾಲು ಕುಸಿದಿದೆಯೋ, ಹಿಂದಿನ ಹಲಗೆ ಬಿಟ್ಟುಕೊಂಡಿದೆಯೋ ಹುಡುಕಿ. ಮೇಲೆ ರಸಮಟ್ಟ ಇಟ್ಟರೆ ಯಾವ ಮೂಲೆ ಇಳಿದಿದೆ ಅಂತ ತಕ್ಷಣ ಕಾಣುತ್ತದೆ.

ಈಗ ಹಿಂಜಿನ ಒಂದು ಸ್ಕ್ರೂ ಪೂರ್ತಿ ಬಿಚ್ಚಿ ಬಿಳಿ ಕಾಗದದ ಮೇಲೆ ಇಡಿ. ಬೆಳಕಿಗೆ ಹಿಡಿದು ಅದರ ಥ್ರೆಡ್ ನೋಡಿ. ಅಲ್ಲಿ ಸಿಕ್ಕಿಕೊಂಡ ಮರದ ಎಳೆ ಒಣಗಿ ತಿಳಿ ಬಣ್ಣದಲ್ಲಿದ್ದರೆ ತೂತು ಸವೆದಿದೆ, ಅಷ್ಟೇ. ಎಳೆ ಕಪ್ಪಾಗಿ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಹರಡಿದರೆ ಒಳಗೆ ನೀರು ಕೂತಿದೆ. ಎಳೆಯೇ ಇಲ್ಲದೆ ನಯವಾದ ಹಿಟ್ಟಿನಂಥ ಪುಡಿ ಉದುರಿದರೆ ಮರ ಕೊರೆಯುವ ಕುಟ್ಟೆ ಹುಳ. ಥ್ರೆಡ್ ಮೇಲೇ ಕಂದು ತುಕ್ಕು ಉಬ್ಬಿ, ಸ್ಕ್ರೂ ನಡುವೆ ಸಣ್ಣಗಾಗಿದ್ದರೆ ಉಪ್ಪಿನ ಕೆಲಸ. ಈ ಒಂದು ಸ್ಕ್ರೂ ಹೇಳುವಷ್ಟು ವಿಷಯ ಹೊರಗಿನಿಂದ ಎಷ್ಟು ನೋಡಿದರೂ ಸಿಗುವುದಿಲ್ಲ.

ತೂತು ಸುಮ್ನೆ ಸವೆದಿದ್ದರೆ ರಿಪೇರಿ ಸುಲಭ. ಬೆಂಕಿಕಡ್ಡಿ ತುರುಕಿ ಸ್ಕ್ರೂ ಹಾಕುವವರಿದ್ದಾರೆ. ಅದು ಒಂದು ಮಳೆಗಾಲ ದಾಟುವುದಿಲ್ಲ. ಹಳೇ ತೂತನ್ನು 8 ಮಿ.ಮೀ. ಬಿಟ್‌ನಿಂದ ದೊಡ್ಡದು ಮಾಡಿ, ಅದೇ ಅಳತೆಯ ಮರದ ಗೂಟಕ್ಕೆ ನೀರು ತಡೆಯುವ ಅಂಟು ಹಚ್ಚಿ ಬಡಿಯಿರಿ. ಫೆವಿಕಾಲ್ ಮರೈನ್ ಆಗುತ್ತದೆ, ಅರಾಲ್ಡೈಟ್ ಇದ್ದರೆ ಇನ್ನೂ ಗಟ್ಟಿ. ಒಂದು ರಾತ್ರಿ ಒಣಗಲಿ. ಮರುದಿನ ಗೂಟವನ್ನು ಹಲಗೆಯ ಮಟ್ಟಕ್ಕೆ ಕತ್ತರಿಸಿ, 2.5 ಮಿ.ಮೀ. ಬಿಟ್‌ನಿಂದ ಸಣ್ಣ ತೂತು ಕೊರೆದು ಸ್ಕ್ರೂ ಕೈಯಿಂದ ಬಿಗಿ ಮಾಡಿ. ಡ್ರಿಲ್ ಮೆಷಿನ್‌ನಲ್ಲಿ ಬಿಗಿ ಮಾಡಲು ಹೋದರೆ ಹೊಸ ತೂತೂ ಹರಿಯುತ್ತದೆ.

ಬಾಗಿಲಿನಲ್ಲಿ ಕೊರೆದ ದುಂಡು ಗುಂಡಿಯೊಳಗೆ ಕೂರುವ ಕಪ್ ಇರುವ ಹಿಂಜ್ ಆದರೆ ಅದರಲ್ಲೇ ಹೊಂದಾಣಿಕೆಯ ಸ್ಕ್ರೂಗಳಿವೆ. ಬಾಗಿಲ ಕಡೆಗೆ ಹತ್ತಿರ ಇರುವುದು ಬಾಗಿಲನ್ನು ಎಡಕ್ಕೆ, ಬಲಕ್ಕೆ ಸರಿಸುತ್ತದೆ. ಹಿಂದಿನದು ಒಳಕ್ಕೆ, ಹೊರಕ್ಕೆ. ಮೇಲೆ, ಕೆಳಗೆ ಮಾಡಲು ಪೆಟ್ಟಿಗೆಗೆ ಕೂತಿರುವ ಪ್ಲೇಟಿನ ಸ್ಕ್ರೂ ಸಡಿಲಿಸಬೇಕು. ಪ್ರತಿ ದಿಕ್ಕಿಗೂ ಹೆಚ್ಚೆಂದರೆ 2 ಮಿ.ಮೀ. ಆಸುಪಾಸು ಸಿಗುತ್ತದೆ. ಅಷ್ಟರಲ್ಲಿ ಸರಿಯಾಗದ ಬಾಗಿಲನ್ನು ಬಲವಂತ ಮಾಡಬೇಡಿ, ದೋಷ ಬೇರೆ ಕಡೆ ಇದೆ.

ಮಳೆಗಾಲದಲ್ಲಿ ಬಂದು ಬೇಸಿಗೆಗೆ ಹೋಗುವ ದೋಷ

ಕುಮಟಾದಲ್ಲಿ ಪರಿಚಯದವರ ಮನೆ, ಹಲಸಿನ ಹಲಗೆಯ ಬಾಗಿಲು. "ಮಳೆ ಬಂದ್ರೆ ಸಾಕು, ಬಾಗ್ಲು ಕೂರೂದೇ ಇಲ್ಲ ತಮಾ" ಅಂದರು ಆ ಮನೆಯ ಅಕ್ಕ. ಬಾಗಿಲಿನ ಮುಂಭಾಗ ನೋಡಿದರೆ ಮುಖ ಕಾಣುವಷ್ಟು ಪಾಲಿಶ್. ಬಾಗಿಲಿನ ಕೆಳ ಅಂಚಿನಡಿ ಬೆರಳು ಹಾಯಿಸಿದೆ. ಗರಗಸ ಕೊಯ್ದ ಗೆರೆಗಳು ಹಾಗೇ ಕೈಗೆ ಸಿಕ್ಕವು. ಅಲ್ಲಿಗೆ ಬ್ರಷ್ ಮುಟ್ಟಿಯೇ ಇರಲಿಲ್ಲ. "ಅಕ್ಕಾ, ಇಲ್ಲಿ ಕೈ ಇಟ್ಟು ನೋಡಿ" ಅಂದೆ. ಅವರು ಮುಟ್ಟಿ, ಮೇಲಿನ ಅಂಚೂ ಮುಟ್ಟಿ, ಪಕ್ಕದ ಬಾಗಿಲುಗಳನ್ನೂ ಒಂದೊಂದಾಗಿ ತಡವಿದರು. ಎಲ್ಲದರದ್ದೂ ಅದೇ ಸ್ಥಿತಿ.

ಮರ ನೀರು ಕುಡಿಯುವುದು ಹೆಚ್ಚಾಗಿ ಕೊಯ್ದ ತುದಿಯಿಂದ. ಎಳೆಗಳ ಬಾಯಿ ತೆರೆದಿರುವುದು ಅಲ್ಲಿಯೇ. ಕಣ್ಣಿಗೆ ಕಾಣುವ ಮುಖಕ್ಕೆ ನಾಲ್ಕು ಕೋಟ್ ಹೊಡೆದು ಮೇಲಿನ, ಕೆಳಗಿನ ಅಂಚು ಬಿಟ್ಟರೆ ಏನೂ ಮಾಡದ ಹಾಗೆ. ಎಳೆಯ ಉದ್ದಕ್ಕೆ ಮರ ಬೆಳೆಯುವುದು ಲೆಕ್ಕಕ್ಕೇ ಬರುವುದಿಲ್ಲ, ಅಗಲಕ್ಕೆ ಮಾತ್ರ ಹಿಗ್ಗುತ್ತದೆ. ಒಂದೂವರೆ ಅಡಿ ಅಗಲದ ಹಲಗೆ ಬಾಗಿಲು ಮಳೆಗಾಲದಲ್ಲಿ 3-4 ಮಿ.ಮೀ. ಹಿಗ್ಗಬಹುದು. ಎರಡು ಬಾಗಿಲ ನಡುವೆ 3 ಮಿ.ಮೀ. ಸಂದು ಬಿಟ್ಟಿದ್ದರೆ ಅದು ಮುಚ್ಚಿಹೋಗಿ ಒಂದನ್ನೊಂದು ಒತ್ತುತ್ತವೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಜುಲೈನಲ್ಲಿ ಕೀಸುಳಿ ಹಾಕಬೇಡಿ. ಬಾಗಿಲು ಹಿಡಿಯುತ್ತದೆ ಅಂತ ಮಳೆಗಾಲದಲ್ಲಿ ಕೀಸಿದರೆ ಮಾರ್ಚ್‌ನಲ್ಲಿ ಬೆರಳು ಹೋಗುವಷ್ಟು ಸಂದು ಬೀಳುತ್ತದೆ. ಆಮೇಲೆ ಜಿರಳೆಗೂ ಅದೇ ದಾರಿ. ಈಗ ಮಾಡಬೇಕಾದದ್ದು ಎಲ್ಲಿ ತಾಗುತ್ತದೆ ಅಂತ ಪೆನ್ಸಿಲ್‌ನಿಂದ ಗುರುತು ಹಾಕುವುದು. ತೆಳು ಕಾಗದ ಸಂದಿನಲ್ಲಿ ಎಳೆಯಿರಿ, ಸಿಕ್ಕಿಕೊಂಡ ಕಡೆ ಗೆರೆ ಎಳೆಯಿರಿ. ಸದ್ಯಕ್ಕೆ ಹಿಂಜಿನಲ್ಲಿ ಎಡಕ್ಕೆ, ಬಲಕ್ಕೆ ಸರಿಸುವ ಸ್ಕ್ರೂ ತಿರುಗಿಸಿ ಬಾಗಿಲನ್ನು ಸ್ವಲ್ಪ ಸರಿಸಿ ಮಳೆಗಾಲ ಕಳೆಯಿರಿ. ಫೆಬ್ರವರಿಯಲ್ಲಿ, ಮರ ಪೂರ್ತಿ ಒಣಗಿದಾಗ, ಗುರುತು ಹಾಕಿದ ಜಾಗದ ಸಂದು ಅಳೆಯಿರಿ. ಒಣಗಿದಾಗಲೂ 4 ಮಿ.ಮೀ.ಗಿಂತ ಕಡಿಮೆ ಇದ್ದರೆ ಆಗ ಹಗುರಾಗಿ ಕೀಸಿ, ಆರೂ ಬದಿಗೆ ಪಾಲಿಶ್ ಅಥವಾ ಪಾಲಿಯುರೆಥೇನ್ ಹೊಡೆಯಿರಿ. ಮೇಲಿನ, ಕೆಳಗಿನ ಅಂಚಿಗೆ ಒಂದು ಕೋಟ್ ಜಾಸ್ತಿಯೇ ಇರಲಿ. ಹಿಂಜಿನ ಕಪ್ ಕೂರುವ 35 ಮಿ.ಮೀ. ಗುಂಡಿಯ ಒಳಗೂ ಬ್ರಷ್ ಹೋಗಲಿ.

ಚೌಕಟ್ಟಿನೊಳಗೆ ಹಲಗೆ ಕೂರಿಸಿದ ಬಾಗಿಲಾದರೆ ಇನ್ನೊಂದು ಪರೀಕ್ಷೆ ಇದೆ. ನಡುವಿನ ಹಲಗೆಯನ್ನು ಎರಡೂ ಅಂಗೈಯಿಂದ ಒತ್ತಿ ಪಕ್ಕಕ್ಕೆ ಸರಿಸಲು ನೋಡಿ. ಬೇಸಿಗೆಯಲ್ಲಿ ಅದು ಚೌಕಟ್ಟಿನ ತೋಡಿನೊಳಗೆ ಕೂದಲೆಳೆಯಷ್ಟಾದರೂ ಅಲುಗಬೇಕು. ಸುತ್ತಲೂ ಅಂಟು ಹಾಕಿ ಬಿಗಿದಿದ್ದರೆ ಹಿಗ್ಗಿದ ಹಲಗೆ ಚೌಕಟ್ಟಿನ ಮೂಲೆಯನ್ನೇ ಬಿಡಿಸಿಹಾಕುತ್ತದೆ. ಮೂಲೆ ಬಿಟ್ಟ ಬಾಗಿಲಿಗೆ ಮೊಳೆ ಹೊಡೆದು ಪ್ರಯೋಜನವಿಲ್ಲ. ಬಿಚ್ಚಿ, ಹಲಗೆಯ ಅಂಟು ತೆಗೆದು, ಮೂಲೆಗೆ ಮಾತ್ರ ಅಂಟು ಹಾಕಿ ಮತ್ತೆ ಜೋಡಿಸಬೇಕು.

ಶಿರಸಿ, ಸಿದ್ದಾಪುರದ ಕಡೆ ಇದರ ಜೊತೆ ಬೇರೊಂದು ತೊಂದರೆ ಕಾಣುತ್ತದೆ: ತಿರುಚಿದ ಬಾಗಿಲು. ಮೂರು ಮೂಲೆ ಪೆಟ್ಟಿಗೆಗೆ ಕೂರುತ್ತದೆ, ನಾಲ್ಕನೆಯದು ಎದ್ದೇ ಇರುತ್ತದೆ. ಕಾರಣ ಹೆಚ್ಚಾಗಿ ಹಸಿ ಮರ. ತೋಟದಲ್ಲಿ ಬಿದ್ದ ಹಲಸನ್ನು ಮಿಲ್ಲಿಗೆ ಹಾಕಿ, ಅದೇ ವರ್ಷ ಬಾಗಿಲು ಮಾಡಿಸಿದರೆ ಹೀಗಾಗುತ್ತದೆ. ಒಂದು ಇಂಚು ದಪ್ಪದ ಹಲಗೆ ನೆರಳಲ್ಲಿ, ನಡುವೆ ರೀಪು ಕೊಟ್ಟು ಪೇರಿಸಿ, ಸುಮಾರು ಒಂದು ವರ್ಷವಾದರೂ ಒಣಗಬೇಕು ಅನ್ನುವುದು ಆಚಾರಿಗಳ ಹಳೆಯ ಲೆಕ್ಕ. ಒಣಗಿದೆಯೋ ಇಲ್ಲವೋ ನೋಡಲು ಒಂದು ತುಂಡನ್ನು ತಕ್ಕಡಿಗೆ ಹಾಕಿ ತೂಕ ಬರೆದಿಡಿ, ವಾರಕ್ಕೊಮ್ಮೆ ಮತ್ತೆ ತೂಗಿ. ಬೇಸಿಗೆಯಲ್ಲಿ ತೂಕ ಇಳಿಯುವುದು ನಿಂತರೆ ಕೆಲಸಕ್ಕೆ ತೆಗೆದುಕೊಳ್ಳಬಹುದು. ಈಗಾಗಲೇ ತಿರುಚಿದ ಬಾಗಿಲನ್ನು ಹಿಂಜ್ ತಿರುಗಿಸಿ ಸರಿ ಮಾಡಲಾಗುವುದಿಲ್ಲ. ಸ್ವಲ್ಪ ತಿರುಚಿದ್ದರೆ ಹಿಂಬದಿಗೆ ಅಡ್ಡಪಟ್ಟಿ ಕೊಟ್ಟು, ನಡುವೆ ಮೂರನೆಯ ಹಿಂಜ್ ಹಾಕಿ ಎಳೆದು ನೋಡಬಹುದು. ಜಾಸ್ತಿ ಇದ್ದರೆ ಆ ಹಲಗೆಯನ್ನು ಕೊಯ್ದು ಒಳಗಿನ ಶೆಲ್ಫಿಗೆ ಬಳಸಿ, ಬಾಗಿಲು ಬೇರೆ ಮಾಡಿ.

ಸಿಂಕ್ ಕೆಳಗಿನ ಪೆಟ್ಟಿಗೆ

ಇಲ್ಲಿನ ದೋಷ ಬೇಸಿಗೆಗೆ ಹೋಗುವುದಿಲ್ಲ. ಪೆಟ್ಟಿಗೆಯ ಪಕ್ಕದ ಹಲಗೆ ನೆಲದಿಂದ ಮೇಲಕ್ಕೆ ಒಂದು ಗೇಣು ದಪ್ಪವಾಗಿರುತ್ತದೆ, ಸನ್‌ಮೈಕಾ ಅಂಚಿನಲ್ಲಿ ಬಾಯಿ ಬಿಟ್ಟಿರುತ್ತದೆ. ಉಗುರಿನಿಂದ ಒತ್ತಿ ನೋಡಿ. ಉಗುರು ಒಳಗೆ ಹೋದರೆ ಆ ಹಲಗೆ ಮುಗಿಯಿತು. ಪಾರ್ಟಿಕಲ್ ಬೋರ್ಡ್ ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಬರುವುದಿಲ್ಲ, ಸ್ಕ್ರೂ ಹಿಡಿಯುವುದೂ ಇಲ್ಲ.

ಬದಲಿಸುವ ಮುಂಚೆ ನೀರಿನ ಮೂಲ ಹುಡುಕಿ. ಅದು ಮೂರು ಕಡೆಯಿಂದ ಬರಬಹುದು. ಪೈಪಿನಿಂದ, ನೆಲದಿಂದ, ಗೋಡೆಯಿಂದ.

ಪೈಪಿಗೆ ಒಣ ಪೇಪರ್ ಪರೀಕ್ಷೆ ಸಾಕು. ಪೈಪ್ ಒರೆಸಿ, ಪ್ರತಿ ಜೋಡಣೆಯ ಕೆಳಗೆ ಹಳೇ ದಿನಪತ್ರಿಕೆ ಹಾಸಿ. ಸಿಂಕ್ ತುಂಬ ನೀರು ನಿಲ್ಲಿಸಿ, ಒಮ್ಮೆಲೇ ಬಿಡಿ. ಸುಮ್ನೆ ನಲ್ಲಿ ಬಿಟ್ಟರೆ ಸೋರದ ಜೋಡಣೆ ತುಂಬಿದ ಸಿಂಕಿನ ಒತ್ತಡಕ್ಕೆ ಸೋರುತ್ತದೆ. ಪೇಪರ್ ಒಣಗಿಯೇ ಇದ್ದರೆ ಕಟ್ಟೆಯ ಮೇಲೆ, ಸಿಂಕಿನ ಸುತ್ತ ನೀರು ಚೆಲ್ಲಿ ನೋಡಿ. ಸಿಂಕಿಗೂ ಕಲ್ಲಿಗೂ ನಡುವಿನ ಸಿಲಿಕೋನ್ ಬಿಟ್ಟಿದ್ದರೆ ಆಗ ಗೊತ್ತಾಗುತ್ತದೆ.

ನೆಲ ತೊಳೆದ ನೀರು ಪೆಟ್ಟಿಗೆಯ ಬುಡಕ್ಕೆ ಹೋಗುವುದು ನಮ್ಮ ಮನೆಗಳಲ್ಲಿ ತುಂಬಾ ಸಾಮಾನ್ಯ. ಪೆಟ್ಟಿಗೆ ನೇರ ನೆಲದ ಮೇಲೆ ಕೂತಿದ್ದರೆ ಎಂಥಾ ಒಳ್ಳೆ ಪ್ಲೈ ಆದರೂ ಕೊಯ್ದ ಅಂಚಿನಿಂದ ನೀರು ಏರುತ್ತದೆ. 4 ಇಂಚಿನ ಪಿವಿಸಿ ಕಾಲು ಹಾಕಿ ಎತ್ತರಿಸಿ, ಮುಂದಿನ ಪಟ್ಟಿಯನ್ನು ಬಿಚ್ಚಿ ತೆಗೆಯುವ ಹಾಗೆ ಮಾಡಿಕೊಳ್ಳಿ.

ಗೋಡೆಯದ್ದು ಮಾತ್ರ ಕಣ್ಣಿಗೆ ಬೇಗ ಕಾಣುವುದಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಪೆಟ್ಟಿಗೆಯ ಹಿಂದಿನ ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಬದಿಯಲ್ಲಿ, ಗೋಡೆ ಕಡೆ, ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಬದಿಯಲ್ಲಿ ಹನಿ ಕಂಡರೆ ಅದು ಗಾಳಿಯ ತೇವ. ಚಿರೆಕಲ್ಲಿನ (ಜಂಬಿಟ್ಟಿಗೆ) ಗೋಡೆ ಮಣ್ಣಿನ ನೀರನ್ನು ಮೇಲಕ್ಕೆ ಎಳೆಯುತ್ತದೆ, ಹಾಗಾಗಿ ನಮ್ಮಲ್ಲಿ ಮೊದಲನೆಯದೇ ಜಾಸ್ತಿ. ಹೀಗಿದ್ದರೆ ಪೆಟ್ಟಿಗೆಯನ್ನು ಗೋಡೆಗೆ ಒತ್ತಬೇಡಿ. ಹಿಂದೆ ಅರ್ಧ ಇಂಚು ಸಂದು ಬಿಡಿ, ಮೇಲೂ ಕೆಳಗೂ ಗಾಳಿ ಆಡಲು ದಾರಿ ಕೊಡಿ. ಒಳಗೆ ಬೂಸ್ಟು ಬರುವುದೂ ಇದರಿಂದ ಬಹಳ ಕಡಿಮೆಯಾಗುತ್ತದೆ.

ಹೊಸ ಹಲಗೆ ಕೊಳ್ಳುವಾಗ ಶೀಟಿನ ಮೇಲಿನ ಮುದ್ರೆ ಓದಿ. ಎಂಆರ್ (ಸ್ವಲ್ಪ ತೇವ ಮಾತ್ರ ತಡೆಯುವ ದರ್ಜೆ) ಅಂತ ಇದ್ದರೆ ಅದು ಅಡಿಗೆಮನೆಗೆ ಬೇಡ. ಸಿಂಕಿನ ಪೆಟ್ಟಿಗೆಗೆ ಐಎಸ್ 710 ಮುದ್ರೆಯ ಮರೈನ್ ಪ್ಲೈಯೇ ಸರಿ, ಅದರ ಅಂಟಿನ ಜೋಡಣೆಯನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷಿಸುತ್ತಾರೆ. ಆದರೂ ಕೊಯ್ದ ಅಂಚು ನಿಮ್ಮ ಜವಾಬ್ದಾರಿ. ಪ್ರತಿ ಅಂಚಿಗೂ, ಪೈಪಿಗೆ ಕೊರೆದ ತೂತಿನ ಒಳಗೂ ಎಪಾಕ್ಸಿ ಅಥವಾ ಪೇಂಟ್ ಹಚ್ಚಿಯೇ ಕೂರಿಸಿ. ಕಡಪಾ ಕಲ್ಲಿನ ಕಟ್ಟೆ ಈಗಾಗಲೇ ಇದ್ದರೆ ಅದನ್ನು ಒಡೆದು ಪ್ಲೈ ಪೆಟ್ಟಿಗೆ ಮಾಡುವ ಆಸೆ ಬೇಡ ಅಂತಲೇ ನನ್ನ ಸಲಹೆ. ಕಲ್ಲು ಉಬ್ಬುವುದಿಲ್ಲ. ಮುಂದೆ ಮರದ ಚೌಕಟ್ಟು ಕೊಟ್ಟು ಬಾಗಿಲು ಹಾಕಿದರೆ ಸಾಕು.

ತುಕ್ಕು: ಹೊರಗಿನ ಉಪ್ಪು, ಒಳಗಿನ ಉಪ್ಪು

ಸಮುದ್ರದ ಗಾಳಿಯಿಂದ ತುಕ್ಕು ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಮನೆಯ ಎಲ್ಲಾ ಹಿಂಜ್ ಒಂದೇ ಸಮ ತುಕ್ಕು ಹಿಡಿದರೆ ಮಾತ್ರ ಅದು ಗಾಳಿ. ಒಂದೇ ಕಪಾಟಿನದ್ದು ಹಿಡಿದರೆ ಕಾರಣ ಆ ಕಪಾಟಿನ ಒಳಗಿದೆ.

ಅಲ್ಲಿ ಏನಿಟ್ಟಿದ್ದೀರಿ ನೋಡಿ. ಅಪ್ಪೆಮಿಡಿ ಉಪ್ಪುನೀರಿಗೆ ಹಾಕಿದ ಭರಣಿ, ಮುರುಗಲು ಸಿಪ್ಪೆ, ಸಾಣಿಕಟ್ಟಾದ ಹರಳುಪ್ಪಿನ ಡಬ್ಬಿ. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನೇ ಗಾಳಿಯಿಂದ ನೀರು ಎಳೆದುಕೊಂಡು ಕರಗಲು ಶುರುಮಾಡುತ್ತದೆ. ಮಳೆಗಾಲವಿಡೀ ನಮ್ಮಲ್ಲಿ ತೇವ ಅದಕ್ಕಿಂತ ಮೇಲೆಯೇ ಇರುತ್ತದೆ. ಹರಳುಪ್ಪಿನಲ್ಲಿ ಮೆಗ್ನೀಸಿಯಂ ಅಂಶ ಇರುವುದರಿಂದ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ಹಿಂಜಿನ ಮೇಲೆ ಕೂತ ಉಪ್ಪಿನ ಒಂದು ಕಣ, ಮಳೆಹನಿ ಬೀಳದಿದ್ದರೂ, ಆ ಕಬ್ಬಿಣವನ್ನು ದಿನವಿಡೀ ಒದ್ದೆಯಾಗಿ ಇಡುತ್ತದೆ. ಉಪ್ಪು, ಹುಳಿ, ಉಪ್ಪಿನಕಾಯಿ ಇಡಲು ಬಾಗಿಲೇ ಇಲ್ಲದ ಕಲ್ಲಿನ ಗೂಡು ಒಳ್ಳೆಯದು. ಸಿಂಕಿನ ಕೆಳಗಿನ ಹಿಂಜ್ ಮಾತ್ರ ತುಕ್ಕು ಹಿಡಿದರೆ ಅಲ್ಲಿ ಶೌಚಾಲಯದ ಆಸಿಡ್ ಬಾಟಲಿ ಇದೆಯೇ ನೋಡಿ. ಮುಚ್ಚಳ ಬಿಗಿ ಇದ್ದರೂ ಅದರ ಹೊಗೆ ಸ್ಟೀಲನ್ನು ತಿನ್ನುತ್ತದೆ. ಅದನ್ನು ಇವತ್ತೇ ಹೊರಗಿಡಿ.

ಹೊಸ ಹಿಂಜ್ ಕೊಳ್ಳುವಾಗ ಆಯಸ್ಕಾಂತ ಹಿಡಿದು ನೋಡುವುದು ಸಾಲದು. 202 ಗ್ರೇಡ್ ಸ್ಟೇನ್ಲೆಸ್ ಸ್ಟೀಲಿಗೂ ಆಯಸ್ಕಾಂತ ಸರಿಯಾಗಿ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. ಆದರೆ 202ರಲ್ಲಿ ನಿಕಲ್ ಕಡಿಮೆ, ಕರಾವಳಿಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಗ್ರೇಡ್ ತೋರಿಸುವ ಟೆಸ್ಟಿಂಗ್ ಲಿಕ್ವಿಡ್ ಅಂಗಡಿಯವರ ಹತ್ತಿರ ಇದ್ದರೆ ನಿಮ್ಮೆದುರೇ ಒಂದು ತೊಟ್ಟು ಹಾಕಿಸಿ. ಹಿಂಜ್ 304 ಆಗಿದ್ದರೂ ಜೊತೆಗೆ ಕೊಡುವ ಸ್ಕ್ರೂ ಎಷ್ಟೋ ಸಲ ಸಾದಾ ಕಬ್ಬಿಣದ್ದು. ಸ್ಕ್ರೂ ಬೇರೆಯಾಗಿ 304ರದ್ದೇ ಕೇಳಿ ತನ್ನಿ. ತುಕ್ಕು ಮೇಲ್ಮೈಯಲ್ಲಿ ಮಾತ್ರ ಇದ್ದರೆ ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ, ಒಣಗಿಸಿ, ಸ್ವಲ್ಪ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ತೆಂಗಿನೆಣ್ಣೆ ಬೇಡ, ಅದಕ್ಕೆ ಧೂಳು, ಹಿಟ್ಟು ಅಂಟಿ ಗಟ್ಟಿಯಾಗುತ್ತದೆ.

ಗೋಡೆಗೆ ತೂಗಿದ ಕಪಾಟು ಮುಂದಕ್ಕೆ ಬಂದರೆ

ಇದು ಕಾಯಬಾರದ ದೋಷ. ಕಪಾಟಿನ ಮೇಲ್ತುದಿಗೂ ಗೋಡೆಗೂ ನಡುವೆ ಹೊಸ ಸಂದು ಕಂಡರೆ, ಅಥವಾ ಕೆಳಗೆ ಕಟ್ಟೆಯ ಮೇಲೆ ಕೆಂಪು ಪುಡಿ ಬಿದ್ದಿದ್ದರೆ ಆಗಿಂದಾಗಲೇ ಖಾಲಿ ಮಾಡಿ, ಕೆಳಗಿನಿಂದ ಆಧಾರ ಕೊಡಿ. ಕೆಂಪು ಪುಡಿ ಅಂದರೆ ಒಳಗೆ ಚಿರೆಕಲ್ಲು ಪುಡಿಯಾಗುತ್ತಿದೆ.

ಚಿರೆಕಲ್ಲು ಹೊರಗೆ ಗಟ್ಟಿ ಕಂಡರೂ ಒಳಗೆ ತೂತು, ಮೆತ್ತನೆ ಮಣ್ಣು ಇರುತ್ತದೆ. ಡ್ರಿಲ್ ಮೆಷಿನ್ನಿನ ಹ್ಯಾಮರ್ (ಬಡಿಯುತ್ತಾ ಕೊರೆಯುವುದು) ಹಾಕಿ ಕೊರೆದರೆ ತೂತು ಬಾಯಿ ಅಗಲವಾಗುತ್ತದೆ, ಪ್ಲಗ್ ಹಿಡಿಯುವುದಿಲ್ಲ. ಬಿಗಿದಂತೆ ಹಿಗ್ಗುವ ಆಂಕರ್ ಬೋಲ್ಟ್ ಹಾಕಿದರೆ ಕಲ್ಲೇ ಸೀಳಬಹುದು. ಹ್ಯಾಮರ್ ಆಫ್ ಮಾಡಿ ನಿಧಾನ ಕೊರೆಯಿರಿ. ಗಾರೆಯ ದಪ್ಪ ಲೆಕ್ಕಕ್ಕೆ ಬರುವುದಿಲ್ಲ, ಕಲ್ಲಿನೊಳಗೇ 80 ಮಿ.ಮೀ. ಆದರೂ ಹೋಗಬೇಕು. ಕಲ್ಲುಗಳ ನಡುವಿನ ಸಂದಿನಲ್ಲಿ ಕೊರೆಯಬೇಡಿ. ಪುಡಿ ಊದಿ ತೆಗೆದು, ಉದ್ದನೆಯ ನೈಲಾನ್ ಪ್ಲಗ್ ಹಾಕಿ. ಕಲ್ಲು ತೀರಾ ಮೆತ್ತಗಿದ್ದರೆ ಜಾಲರಿ ತೋಳಿನೊಳಗೆ ಅಂಟು ತುಂಬಿ ಬೋಲ್ಟ್ ಹಿಡಿಸುವ ಕೆಮಿಕಲ್ ಆಂಕರ್ ಬೇಕು.

ಕಪಾಟನ್ನು ಎರಡೇ ಸ್ಕ್ರೂಗೆ ತೂಗುವ ಬದಲು ಗೋಡೆಯ ಉದ್ದಕ್ಕೆ 18 ಮಿ.ಮೀ. ಪ್ಲೈ ಪಟ್ಟಿ ಕೂರಿಸಿ, ಒಂದೊಂದು ಅಡಿಗೆ ಒಂದು ಸ್ಕ್ರೂ ಕೊಡಿ. ಪಟ್ಟಿಯ ಮೇಲಂಚನ್ನು 45 ಡಿಗ್ರಿ ಓರೆಗೆ ಕೊಯ್ದು, ಕಪಾಟಿನ ಹಿಂದೆ ಅದಕ್ಕೆ ಎದುರಾಗಿ ಕೂರುವ ಇನ್ನೊಂದು ಪಟ್ಟಿ ಹಾಕಿದರೆ ಕಪಾಟು ತಾನಾಗಿ ಕಚ್ಚಿಕೊಳ್ಳುತ್ತದೆ. ಒಬ್ಬರೇ ಎತ್ತಿ ಸಿಕ್ಕಿಸಬಹುದು, ಮಳೆಗಾಲ ಮುಗಿದ ಮೇಲೆ ಇಳಿಸಿ ಹಿಂದೆ ಒರೆಸಲೂಬಹುದು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೇ ಮನೆಯ ಗೋಡೆಯಾದರೆ ಭಾರದ ಕಪಾಟು ತೂಗಲೇಬೇಡಿ. ಕಟ್ಟೆಯ ಮೇಲೆ ಕಾಲು ಕೊಟ್ಟು ನಿಲ್ಲಿಸಿ.

ಡ್ರಾವರ್ ಮತ್ತು ಹುಳ

ಡ್ರಾವರ್ ಬಿಗಿಯಾದರೆ ಅಳತೆ ನೋಡಿ. ಡ್ರಾವರ್ ಜಾರುವ ಸಾಮಾನ್ಯ ಟೆಲಿಸ್ಕೋಪಿಕ್ ಚಾನೆಲ್‌ಗೆ ಒಂದೊಂದು ಬದಿಗೆ 12.5ರಿಂದ 13 ಮಿ.ಮೀ. ಜಾಗ ಬೇಕು. ಪಕ್ಕದ ಹಲಗೆ ತೇವಕ್ಕೆ ದಪ್ಪವಾಗಿ ಆ ಜಾಗ ತಿಂದರೆ ಚಾನೆಲ್ ಜಾಮ್ ಆಗುತ್ತದೆ. ಅಳತೆ ಸರಿ ಇದ್ದೂ ಗರಗರ ಸದ್ದು ಬಂದರೆ ಒಳಗಿನ ಬೇರಿಂಗ್ ಗುಂಡುಗಳಿಗೆ ತುಕ್ಕು. ಅದಕ್ಕೆ ಎಣ್ಣೆ ಬಿಟ್ಟು ದಿನ ದೂಡಬಹುದು, ಕೊನೆಗೆ ಚಾನೆಲ್ ಬದಲಿಸಲೇಬೇಕು.

ಕುಟ್ಟೆಗೂ ಒರಲೆಗೂ (ಗೆದ್ದಲು) ಗುರುತು ಬೇರೆ. ಒರಲೆ ಮಣ್ಣಿನ ದಾರಿ ಕಟ್ಟಿಕೊಂಡು ಗೋಡೆ, ನೆಲದಿಂದ ಬರುತ್ತದೆ, ಬಡಿದರೆ ಹಲಗೆ ಟೊಳ್ಳು ಸದ್ದು ಮಾಡುತ್ತದೆ. ಆ ದಾರಿ ಅಳಿಸಿದರೆ ಸಾಲದು, ಮನೆಯ ಬುಡಕ್ಕೇ ಔಷಧಿ ಆಗಬೇಕು. ಅದನ್ನು ಗೊತ್ತಿದ್ದವರಿಂದ ಮಾಡಿಸಿ. ಕುಟ್ಟೆ ಮರದೊಳಗೇ ಇರುತ್ತದೆ, ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಬಿಳಿ ಪುಡಿ. ಪಾತ್ರೆ ಎಲ್ಲ ತೆಗೆದು, ಆ ಜಾಗದ ಪಾಲಿಶ್ ಉಜ್ಜಿ, ಬಿಸಿನೀರಲ್ಲಿ ಕರಗಿಸಿದ ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣವನ್ನು ಮರ ಕುಡಿಯುವಷ್ಟು ಹಚ್ಚಿ. ಪಾಲಿಶ್ ಮೇಲೆ ಹಚ್ಚಿದರೆ ಒಳಗೆ ಇಳಿಯುವುದಿಲ್ಲ. ಒಣಗಿದ ಮೇಲೆ ತೂತುಗಳನ್ನು ಮೇಣದಿಂದ ಮುಚ್ಚಿ, ಕೆಳಗೆ ಕಪ್ಪು ಕಾಗದ ಹಾಸಿಡಿ. ಒಂದೆರಡು ತಿಂಗಳಲ್ಲಿ ಕಾಗದದ ಮೇಲೆ ಹೊಸ ಪುಡಿ ಬಿದ್ದರೆ, ಪುಡಿಯ ನೇರ ಮೇಲೆ ಹೊಸ ತೂತು ಹುಡುಕಿ ಇನ್ನೊಮ್ಮೆ ಹಚ್ಚಿ.